ಹಿಂದಿನ ಕೋಣೆಯ ಬಿಸಿನೀರು

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಅಶ್ವತ್ಥಮ್ಮನ ಮನೆಯಲ್ಲಿ ನೀರು ತುಂಬುವುದಕ್ಕೆ ಹಂಡೆಯೇ ಇರಲಿಲ್ಲ. ಸೋಲಾರ್ ಹಾಕಿಸಿದ ವರ್ಷವೇ ಅದನ್ನು ಗುಜರಿಯವನ ತಕ್ಕಡಿಗೆ ಹಾಕಿಯಾಗಿತ್ತು. ಹಾಗಾಗಿ ಬಚ್ಚಲಿನ ಸ್ಟೀಲ್ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಪ್ಲಾಸ್ಟಿಕ್ ಬಕೆಟ್ಟಿಗೆ ಸುಣ್ಣದ ಪಟ್ಟೆ ಎಳೆದು, ಚೆಂಡು ಹೂವಿನ ಸರ ಸುತ್ತಿ ಶಾಸ್ತ್ರ ಮುಗಿಸಿದಳು. ಹಿತ್ತಿಲ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಅವಳ ಅತ್ತೆ ಪಿಳ್ಳಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಎಂಬತ್ತೆರಡು ವರ್ಷವಾದರೂ ಮುದುಕಿಯ ಕಣ್ಣೂ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

"ನಲ್ಲಿಗೆ ಪೂಜೆ ಮಾಡ್ತಾವ್ಳೆ ನೋಡು. ಅಂಡೆ ಮಾರ್ಬುಟ್ಟು ಈಗ ಬಕೀಟ್‌ಗೆ ಊವು ಮುಡಿಸ್ತಾವ್ಳೆ."

"ಹಂಡೆ ಇದ್ದಿದ್ರೆ ಉರಿ ಹಾಕೋರು ಯಾರತ್ತೆ? ನೀವು ಬರ್ತಿದ್ರಾ?"

"ನಂಗೇನಮ್ಮ, ಉರಿ ಆಕ್ಸೋದು ನಂಗೆ ಸೆಂದಾಗಿ ಬತ್ತದೆ."

ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಹಬ್ಬದ ಊಟಕ್ಕೆ ಸೊಸೆ ಕೃಪಾಳ ತಾಯಿ ಬಂದಿದ್ದರು. ಒಬ್ಬಟ್ಟು ಬಡಿಸಿಕೊಂಡು ಎಲ್ಲರೂ ಕೂತಿರುವಾಗ ಪಿಳ್ಳಮ್ಮ ಬೀಗಿತ್ತಿಯ ಕಡೆ ತಿರುಗಿ ಹೇಳಿದಳು: "ನಮ್ ಅಶ್ವತ್ತಿ ಬಂದಾಗ ಎಂಗಿದ್ಲು ಗೊತ್ತಾ? ನೆಟ್ಟಗೆ ಮೈ ತೊಳ್ಕೊಳೋಕೂ ಬರ್ತಿರ್ನಿಲ್ಲ. ಕೊಟ್ಟಿಗೆ ಇಂದೆ ತಣ್ಣೀರಲ್ಲಿ ನಿಲ್ಸಿ ನಿಲ್ಸಿ ನಾನೇ ಮನುಸ್ಯಳ್ನಾಗಿ ಮಾಡ್ದೆ." ಬೀಗಿತ್ತಿ ನಕ್ಕರು. ಅಶ್ವತ್ಥಮ್ಮನ ಗಂಡ ವೆಂಕಟರಮಣಪ್ಪ ಇನ್ನೂ ಜೋರಾಗಿ ನಕ್ಕ. ಮಗ ದೀಪುವೂ ನಕ್ಕ. ಕೃಪಾ ಮಾತ್ರ ಅತ್ತೆಯ ಮುಖ ನೋಡಿ ತಲೆ ತಗ್ಗಿಸಿದಳು. ಅಶ್ವತ್ಥಮ್ಮ ತುಪ್ಪದ ಗಿಂಡಿ ಹಿಡಿದು ನಿಂತೇ ಇದ್ದಳು.

ಅವಳಿಗೆ ಅರವತ್ತು ವರ್ಷ. ಮನೆಗೆ ಬಂದ ಮೊದಲ ಮೂರು ಚಳಿಗಾಲ ಕೊಟ್ಟಿಗೆಯ ಹಿಂದಿನ ಕಲ್ಲುಚಪ್ಪಡಿಯ ಮೇಲೆ, ದನದ ತೊಟ್ಟಿಯ ನೀರಲ್ಲಿ ಮಿಂದವಳು. ಒಳಗೆ ಬಚ್ಚಲಲ್ಲಿ ಹಂಡೆ ಕುದಿಯುತ್ತಿತ್ತು, ಗಂಡಸರಿಗೆ. ಅದನ್ನಾದರೂ ಅವಳು ಮರೆತಾಳು. ಮೊದಲ ಹೆರಿಗೆ ಇದೇ ಮನೆಯಲ್ಲಾಯಿತು, ತಾಯಿ ಇಲ್ಲದವಳು. ಹೆಣ್ಣು ಹುಟ್ಟಿತು, ಈಗ ಆನೇಕಲ್‌ನಲ್ಲಿರುವ ದಿವ್ಯಾ. ಐದು ದಿನ ಬಾಣಂತಿಗೆ ಬಿಸಿನೀರು ಎರೆದ ಪಿಳ್ಳಮ್ಮ ಆರನೆಯ ದಿನ ಬಚ್ಚಲ ಬಾಗಿಲಲ್ಲಿ ನಿಂತು, "ಸೌದೆ ಮುಗೀತು. ಎಣ್ಣು ಎತ್ತೋಳಿಗೆ ಎಷ್ಟು ದಿನ ಉರಿ ಆಕೋದು" ಅಂದಿದ್ದಳು. ಆ ಮಾತನ್ನು ಅಶ್ವತ್ಥಮ್ಮ ನಲವತ್ತು ವರ್ಷದಿಂದ ಜೋಪಾನವಾಗಿ ಇಟ್ಟುಕೊಂಡಿದ್ದಳು. ಬೇರೆಯವರು ಒಡವೆ ಇಟ್ಟುಕೊಳ್ಳುತ್ತಾರಲ್ಲ, ಹಾಗೆ.

ಹಬ್ಬ ಕಳೆದ ಮಾರನೆಯ ಬೆಳಿಗ್ಗೆ ಬಟ್ಟೆ ಒಣಗಿಸಲು ಮೇಲೆ ಹೋದಳು. ವರ್ತೂರಿನ ಆ ಮನೆ ಒಂದು ಕಾಲಕ್ಕೆ ರಾಗಿ ಹೊಲ. ಈಗ ಕೆಳಗೆ ಮನೆಯವರು, ಮೇಲಿನ ಎರಡು ಮಹಡಿಯಲ್ಲಿ ಬಾಡಿಗೆಯವರು, ಅದರ ಮೇಲೆ ತಾರಸಿ. ಸೋಲಾರ್ ತೊಟ್ಟಿಯಿಂದ ಬಿಸಿನೀರಿನ ಮೂರು ಪೈಪು ಇಳಿಯುತ್ತವೆ, ಮೂರಕ್ಕೂ ಒಂದೊಂದು ವಾಲ್ವ್. ಒಂದು ಅವಳ ಬಚ್ಚಲಿಗೆ, ಒಂದು ದೀಪು ಕೃಪಾಳ ಬಚ್ಚಲಿಗೆ, ಮೂರನೆಯದು ಹಿಂಗೋಡೆಯ ಉದ್ದಕ್ಕೂ ಇಳಿದು ಹಿಂದಿನ ಕೋಣೆಗೆ. ಹಳೆಯ ಕೊಟ್ಟಿಗೆಗೆ ಟೈಲ್ಸ್ ಹಾಕಿಸಿ ಮುದುಕಿಗೆ ಮಾಡಿಕೊಟ್ಟ ಕೋಣೆ ಅದು. ಅಶ್ವತ್ಥಮ್ಮ ಮೂರನೆಯ ವಾಲ್ವನ್ನು ತಿರುಗಿಸಿದಳು. ಪೂರ್ತಿ ನಿಲ್ಲಿಸಲಿಲ್ಲ, ಅಷ್ಟು ದಡ್ಡಿಯಲ್ಲ. ದಾರದಷ್ಟು ಬಿಟ್ಟಳು. ದಾರದಷ್ಟು ನೀರು ಅಷ್ಟು ದೂರ ಹರಿದು ಕೆಳಗೆ ಮುಟ್ಟುವ ಹೊತ್ತಿಗೆ ತಣ್ಣಗಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಒಂದು ವಾರ, ಅಷ್ಟೇ, ಎಂದುಕೊಂಡಳು. ಕೇಳಲಿ. ಬಾಯಿಬಿಟ್ಟು, 'ಅಶ್ವತ್ತಿ, ಅವತ್ತು ತಪ್ಪು ಮಾಡಿದೆ' ಅನ್ನಲಿ. ಬಿಟ್ಟುಬಿಡುತ್ತೇನೆ.

ಪಿಳ್ಳಮ್ಮ ಕೇಳುವವಳೇ? ಮೂರನೆಯ ದಿನ ಮೊಮ್ಮಗನನ್ನು ಕರೆದಳು.

"ದೀಪು, ನನ್ ನಲ್ಲೀಲಿ ಬಿಸ್ನೀರು ಬತ್ತಾ ಇಲ್ಲ ಕಣೋ. ಕರು ಉಚ್ಚೆ ಉಯ್ದಂಗೆ ಬತ್ತದೆ. ಅದೂ ತಣ್ಣಗೆ."

ದೀಪು ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿ ಬೆಳಿಗ್ಗೆಯ ಪಾಳಿ. ಕತ್ತಲಿರುವಾಗಲೇ ಕ್ಯಾಬ್ ಹತ್ತಿ ಹೋದರೆ ಸಂಜೆಗೆ ಬರುವವನು. ನಲ್ಲಿ ತಿರುಗಿಸಿ ನೋಡಿ, "ಬೋರ್ ನೀರಲ್ವಾ ಅಜ್ಜಿ, ಪೈಪಲ್ಲಿ ಉಪ್ಪು ಕಟ್ಟಿರುತ್ತೆ. ಮುನಿಯಣ್ಣಂಗೆ ಹೇಳ್ತೀನಿ" ಅಂದ. ಮಾರನೆಯ ದಿನ ಪ್ಲಂಬರ್ ಮುನಿಯಣ್ಣ ಚೀಲ ತಗುಲಿಸಿಕೊಂಡು ಬಂದ. ಅಶ್ವತ್ಥಮ್ಮ ಅವನನ್ನು ಗೇಟಿನಲ್ಲೇ ನಿಲ್ಲಿಸಿದಳು.

"ಸರಿಹೋಯ್ತು ಹೋಗಪ್ಪ. ನಿನ್ನೆ ಸಾಯಂಕಾಲನೇ ನೀರು ಬಂತು."

"ಒಂದ್ಸಲ ಮೇಲೆ ನೋಡ್ಕೊಂಡು ಹೋಗ್ಬಿಡ್ತೀನಿ ಅಕ್ಕ."

"ಬೇಡ ಅಂದ್ನಲ್ಲ."

ದೀಪುವಿಗೆ, "ಬಂದಿದ್ದ. ಏನೂ ಆಗಿಲ್ಲ ಅಂದ. ಚಳಿಗೆ ಪೈಪು ತಣ್ಣಗಾಗುತ್ತಂತೆ" ಅಂದಳು. ಸುಳ್ಳು ಹೇಳುವುದು ಇಷ್ಟು ಸಲೀಸು ಎಂದು ಅವಳಿಗೇ ಆಶ್ಚರ್ಯವಾಯಿತು.

ಆ ಸುಳ್ಳನ್ನು ಮಗ ತಲೆಗೆ ಹಚ್ಚಿಕೊಂಡ. ಸಂಜೆ ಕಾಫಿ ಕುಡಿಯುತ್ತ ಫೋನು ತೋರಿಸಿದ. "ನೋಡಮ್ಮ, ಹಿಮಾಚಲದ ಕಡೆ ಪೈಪೊಳಗೆ ನೀರು ಗಡ್ಡೆ ಕಟ್ಟಿ ಪೈಪೇ ಸೀಳಿಹೋಗುತ್ತಂತೆ. ಅದಕ್ಕೇ ಫೋಮ್ ಸುತ್ತುತಾರೆ. ನಾವೂ ಸುತ್ತಿದ್ರೆ ಅಜ್ಜಿಗೆ ಬಿಸಿ ಉಳಿಯುತ್ತೆ."

"ವರ್ತೂರಲ್ಲಿ ಐಸ್ ಬೀಳುತ್ತೇನೋ?" ವೆಂಕಟರಮಣಪ್ಪ ಪೇಪರಿನ ಹಿಂದಿನಿಂದ ಕೇಳಿದ.

"ಈ ಸಲ ಚಳಿ ಜಾಸ್ತಿ ಇದೆಯಪ್ಪ."

"ಏನಾದ್ರೂ ಮಾಡ್ಕಳಿ. ಬಚ್ಚಲ ಯವಾರಕ್ಕೆ ನನ್ನ ಕರೀಬೇಡಿ."

ಭಾನುವಾರ ಪೂರ್ತಿ ದೀಪು ಏಣಿ ಹತ್ತಿ ಇಳಿದು ಕರಿಯ ಫೋಮ್ ಕೊಳವೆಗಳನ್ನು ಪೈಪಿಗೆ ತೊಡಿಸಿ ಟೇಪು ಸುತ್ತಿದ. ಕೆಳಗಿನಿಂದ ಶುರುಮಾಡಿ ತಾರಸಿ ತಲುಪುವಾಗ ಫೋಮ್ ಒಂದು ಮೊಳ ಕಮ್ಮಿಬಿತ್ತು. ಸರಿಯಾಗಿ ವಾಲ್ವಿನ ಜಾಗದಲ್ಲಿ. ಅಶ್ವತ್ಥಮ್ಮ ಪಕ್ಕದಲ್ಲೇ ನಿಂತಿದ್ದಳು.

"ಅಮ್ಮ, ಈ ವಾಲ್ವ್ ಫುಲ್ ಓಪನ್ ಇದೆ ತಾನೆ?"

"ಇದೆ ಕಣೋ. ಮುಟ್ಟೋಕೆ ಹೋಗ್ಬೇಡ, ತುಕ್ಕು ಹಿಡಿದಿದೆ. ಮುರಿದ್ರೆ ತೊಟ್ಟಿ ನೀರೆಲ್ಲ ಸುರಿದುಹೋಗುತ್ತೆ."

ದೀಪು ಕೈ ಹಿಂದಕ್ಕೆ ತೆಗೆದ. ಫೋಮ್ ಸಾಲದು ಎಂದು ಕೆಳಗೆ ಕೂಗಿ ಹೇಳಿದ್ದೇ ತಡ, ಪಿಳ್ಳಮ್ಮ ಕೃಪಾಳ ಕೈಯಲ್ಲಿ ತನ್ನ ಕಂಬಳಿ ಕೊಟ್ಟು ಕಳಿಸಿದಳು. ಗಂಡ ಹೊದೆಯುತ್ತಿದ್ದ ಕರಿ ಕಂಬಳಿ. ಮನೆಯಲ್ಲಿ ದೇವರು ಮಾಡುವಾಗ ಪೂಜೆಯ ಗದ್ದುಗೆಗೆ ಹಾಸುತ್ತಿದ್ದದ್ದೂ ಅದೇ.

"ಅಜ್ಜಿ ಹೇಳಿದ್ರು, ಸುತ್ತಿ ಕಟ್ಬೇಕಂತೆ, ಕತ್ತರಿಸ್ಬಾರ್ದಂತೆ" ಅಂದಳು ಕೃಪಾ ಏದುಸಿರು ಬಿಡುತ್ತ. ಅವಳಿಗೆ ಆಗ ಐದು ತಿಂಗಳು.

"ಇಷ್ಟುದ್ದ ಕಂಬಳೀನ ಒಂದು ಮೊಳ ಪೈಪಿಗೆ ಹೆಂಗೆ ಸುತ್ತೋದು?" ಎಂದು ಅಶ್ವತ್ಥಮ್ಮ ಕತ್ತರಿ ತಂದು ಕಂಬಳಿಯನ್ನು ಉದ್ದುದ್ದಕ್ಕೆ ಸೀಳಿದಳು. ವಾಲ್ವು ಮುಚ್ಚುವಂತೆ ತಾನೇ ಸುತ್ತಿ, ತಂತಿ ಹಾಕಿ ಬಿಗಿದಳು. ಕಟ್ಟಿದ ಮೇಲೆ ಅಲ್ಲಿ ವಾಲ್ವಿತ್ತು ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ಇನ್ನು ಬಿಡಬೇಕೆಂದರೂ ಕಂಬಳಿ ಬಿಚ್ಚಬೇಕು, ಬಿಚ್ಚಿದರೆ ಯಾಕೆ ಎಂದು ಹೇಳಬೇಕು.

ಮಾರನೆಯ ದಿನ ಪಿಳ್ಳಮ್ಮನಿಗೆ ಹಬ್ಬ. ಹರಳೆಣ್ಣೆ ಕಾಯಿಸಿ ನೆತ್ತಿಯಿಂದ ಪಾದದವರೆಗೆ ಬಳಿದುಕೊಂಡು, ಮೊಮ್ಮಗನ ಪೈಪಿನ ಗುಣಗಾನ ಮಾಡುತ್ತ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತಳು. ನಲ್ಲಿ ತಿರುಗಿಸಿದಳು. ದಾರ ಬಂತು. ಬಕೆಟ್ಟು ತುಂಬಲು ಮುಕ್ಕಾಲು ಗಂಟೆ ಹಿಡಿಯಿತು. ಬಂದ ಅಷ್ಟಿಷ್ಟು ಬಿಸಿಯೂ ಬಕೆಟ್ಟಿನಲ್ಲೇ ಆರಿಹೋಯಿತು. ಎಣ್ಣೆ ಮೈಯಲ್ಲಿ ಮುದುಕಿ ನಡುಗುತ್ತ ಕೂತಿದ್ದಳು. ಕೊನೆಗೆ ಆ ನೀರನ್ನೇ ಸುರಿದುಕೊಂಡಳು. ಎಣ್ಣೆ ಬಿಡಲಿಲ್ಲ, ಸೀಗೆಪುಡಿ ಮೈಗೆ ಮೆತ್ತಿಕೊಂಡಿತು. ಅಡುಗೆಮನೆಯಲ್ಲಿ ರಾಗಿಮುದ್ದೆ ತೊಳಸುತ್ತಿದ್ದ ಅಶ್ವತ್ಥಮ್ಮನಿಗೆ ಚೊಂಬಿನ ಸದ್ದು, ಅದರ ಬೆನ್ನಿಗೆ ಮುದುಕಿಯ ಹ್ಞಾ ಹ್ಞಾ ಎನ್ನುವ ಉಸಿರು ಕೇಳಿಸಿತು. ಅವಳಿಗೆ ಸಂತೋಷವಾಯಿತು. ಮುಚ್ಚಿಡುವುದೇನು, ನಿಜವಾಗಿ ಸಂತೋಷವಾಯಿತು.

ಅವತ್ತು ಊಟಕ್ಕೆ ಕೂತಾಗ ಪಿಳ್ಳಮ್ಮ ಮುದ್ದೆ ಮುರಿಯುತ್ತ ತಲೆ ಎತ್ತದೆ ಹೇಳಿದಳು: "ಇದ್ರಲ್ಲಿ ನಿನ್ ಕೈ ಅದೆ, ಅಶ್ವತ್ತಿ."

"ಯಾವುದ್ರಲ್ಲಿ?"

"ನಂಗೊತ್ತು ಬುಡು."

"ಏನು ಗೊತ್ತು ಹೇಳಿ. ಏನು ಬೇಕು, ಬಾಯಿಬಿಟ್ಟು ಕೇಳಿ."

"ನಿನ್ನ ಕೇಳೋದಾ? ಸಾರು ಆಕು."

ಧನುರ್ಮಾಸ ಬಂತು. ಅರವತ್ತೈದು ವರ್ಷದಿಂದ ಪಿಳ್ಳಮ್ಮ ಆ ತಿಂಗಳು ಪೂರ್ತಿ ಸೂರ್ಯ ಹುಟ್ಟುವ ಮುಂಚೆ ಮಿಂದು ತುಳಸಿಗೆ ದೀಪ ಹಚ್ಚುವವಳು. ಆ ವರ್ಷ ಕೆರೆಯ ಕಡೆಯಿಂದ ಮಂಜು ಎದ್ದು ಎದುರು ಅಪಾರ್ಟ್‌ಮೆಂಟೇ ಕಾಣುತ್ತಿರಲಿಲ್ಲ. ಮೊದಲ ನಾಲ್ಕು ದಿನ ಕೃಪಾ ತನ್ನ ಬಚ್ಚಲಿಂದ ಒಂದು ಬಕೆಟ್ ಬಿಸಿನೀರು ಹೊತ್ತು ಹಿಂದಿನ ಕೋಣೆಗೆ ತಂದುಕೊಟ್ಟಳು. ಐದನೆಯ ದಿನ ಅಶ್ವತ್ಥಮ್ಮ ನಡುಮನೆಯಲ್ಲಿ ಬಕೆಟ್ಟಿನ ಹಿಡಿ ಹಿಡಿದಳು.

"ಏಳು ತಿಂಗಳ ಬಸುರಿ ಬಕೆಟ್ ಎತ್ತೋದಾ? ಹೆಚ್ಚುಕಮ್ಮಿ ಆದ್ರೆ ನಿಮ್ಮಮ್ಮನಿಗೆ ನಾನು ಏನು ಹೇಳ್ಲಿ?"

"ಅರ್ಧ ಬಕೆಟ್ ಅಷ್ಟೇ ಅತ್ತೆ. ಅಜ್ಜಿ ನಡುಗ್ತಾರೆ."

"ನಡುಗಿದ್ರೆ ಮಧ್ಯಾಹ್ನ ಎರ್ಕೊಳ್ಲಿ. ಯಾರು ಬೇಡ ಅಂದ್ರು?"

ದೀಪು ಗೀಸರ್ ಹಾಕಿಸೋಣ ಅಂದ. ಅದಕ್ಕೂ ಅವಳಲ್ಲಿ ಉತ್ತರವಿತ್ತು. "ಬಸುರಿ ಇರೋ ಮನೇಲಿ ಗೋಡೆ ತೂತು ಹೊಡಿಸ್ತೀಯೇನೋ? ಹೆರಿಗೆ ಆಗ್ಲಿ, ಆಮೇಲೆ ಎರಡು ಗೀಸರ್ ಹಾಕ್ಸು." ಗ್ಯಾಸಿನ ಮೇಲೆ ಕಾಯಿಸಿಕೊಡು ಅಂದದ್ದಕ್ಕೆ, "ಬೆಳಿಗ್ಗೆ ನಾಲ್ಕೂವರೆಗೆ ನಾನೇ ಎದ್ದು ಹೊರ್ಬೇಕು. ಮಂಡಿ ನೋವು ನಿಂಗೇನು ಗೊತ್ತು" ಅಂದಳು. ಮಗ ಒತ್ತಾಯ ಬಿಟ್ಟ. ಸೊಸೆಗೆ ಸಮಾಧಾನವಾಗಲಿಲ್ಲ, ಆದರೆ ಬಕೆಟ್ ಎತ್ತುವುದನ್ನು ನಿಲ್ಲಿಸಿದಳು.

ಎರಡನೆಯ ಮಹಡಿಯ ಬಾಡಿಗೆ ಕೋಣೆಯಲ್ಲಿ ಯಾದಗಿರಿ ಕಡೆಯ ಸಿದ್ದಕ್ಕ ಇದ್ದಳು, ಗಾರೆ ಕೆಲಸದವಳು. ಒಂದು ಬೆಳಿಗ್ಗೆ ಅವಳು ಕರೆಂಟ್ ಕಾಯಿಲ್ ಹಾಕಿ ಕಾಯಿಸಿದ ಹೊಗೆಯಾಡುವ ಬಕೆಟ್ಟನ್ನು ಹಿಂದಿನ ಕೋಣೆಯ ಬಾಗಿಲಲ್ಲಿ ಇಟ್ಟಳು.

"ತಗೋ ಯವ್ವಾ. ಈ ಥಂಡ್ಯಾಗ ತಣ್ಣೀರ ಹಾಕ್ಕೋತಾರೇನ?"

ಪಿಳ್ಳಮ್ಮ ಆ ನೀರಲ್ಲಿ ಮಿಂದು, ಕೇಳುವವರಿಗೆ ಕೇಳಲೆಂದೇ, "ಬಾಡಿಗೆಯವಳಿಗೆ ಇರೋ ಕರುಳು ಮನೆಯವರಿಗೆ ಇಲ್ವಲ್ಲಪ್ಪ" ಎಂದು ತುಳಸಿಗೆ ಹೇಳಿದಳು. ಅಶ್ವತ್ಥಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನೇರ ಮೇಲೆ ಹತ್ತಿದಳು.

"ಏನಮ್ಮ, ಓನರ್ ಮನೆಯೋರಿಗೆ ನೀನು ನೀರು ದಾನ ಮಾಡ್ತೀಯಾ?"

"ದಾನ ಅಲ್ರೀ ಅಕ್ಕಾರ. ವಯಸ್ಸಾದ ಜೀವ..."

"ಕಾಯಿಲ್ ಹಾಕೋ ಹಂಗಿಲ್ಲ ಅಂತ ಮೊದ್ಲೇ ಹೇಳಿದ್ದೆ. ರೂಮ್ ಬೇಕೋ ಬೇಡ್ವೋ ಇವತ್ತು ಹೇಳ್ಬಿಡು."

ಸಿದ್ದಕ್ಕ ಕಾಯಿಲ್ಲಿನ ವೈರು ಸುತ್ತಿ ಮಂಚದ ಕೆಳಗೆ ತಳ್ಳಿದಳು. ಮರುದಿನದಿಂದ ಪಿಳ್ಳಮ್ಮನಿಗೆ ದಾರವೇ ಗತಿಯಾಯಿತು. ದಾರಕ್ಕೆ ಕಾಯಲಾರದೆ ತಣ್ಣೀರು ನಲ್ಲಿಯನ್ನೇ ಬಿಟ್ಟುಕೊಂಡು ಮೀಯತೊಡಗಿದಳು. ಹೊದೆಯಲು ಕಂಬಳಿಯೂ ಇರಲಿಲ್ಲ, ಅದು ತಾರಸಿಯ ಮೇಲೆ ಪೈಪನ್ನು ಬೆಚ್ಚಗಿಡುತ್ತಿತ್ತು.

ಡಿಸೆಂಬರ್ ಕೊನೆಯಲ್ಲಿ ಕೆಮ್ಮು ಹಿಡಿಯಿತು, ಆಮೇಲೆ ಜ್ವರ. ಕ್ಲಿನಿಕ್ಕಿನ ಡಾಕ್ಟರು ಎದೆಯಲ್ಲಿ ಕಫ ಕಟ್ಟಿದೆ ಎಂದು ಗುಳಿಗೆ ಬರೆದು, ವಯಸ್ಸಾಯಿತಲ್ಲ ಅಂದರು. ಅಡ್ಮಿಟ್ ಮಾಡೋಣ ಎಂದು ದೀಪು ಅಂದರೆ, "ಸಾಯೋದಾದ್ರೆ ಮನೇಲೇ ಸಾಯ್ತೀನಿ" ಎಂದು ಮುದುಕಿಯೇ ಹಟ ಹಿಡಿದಳು. ಸ್ನಾನ ನಿಂತಿತು. ಅಶ್ವತ್ಥಮ್ಮ ಹೊತ್ತುಹೊತ್ತಿಗೆ ಗಂಜಿ ಕಾಯಿಸಿ ಕೊಟ್ಟಳು, ಮೂಗಿಗೆ ವಿಕ್ಸ್ ಹಚ್ಚಿದಳು. ನೋಡಿದವರು ಸೊಸೆ ಅಂದರೆ ಹೀಗಿರಬೇಕು ಅಂದರು.

ಒಂದು ಸಂಜೆ ಗಂಜಿ ಕುಡಿಸುವಾಗ ಪಿಳ್ಳಮ್ಮ ಲೋಟ ಸರಿಸಿದಳು.

"ಅಶ್ವತ್ತಿ."

"ಹೂಂ."

"ದಿವ್ಯಾ ಉಟ್ಟಿದಾಗ ಸೌದೆ ಇತ್ತು ಕಣೇ."

ಅಶ್ವತ್ಥಮ್ಮ ಲೋಟವನ್ನು ಪಕ್ಕಕ್ಕಿಟ್ಟಳು.

"ಇತ್ಲಲ್ಲಿ ಒಂದ್ ಗಾಡಿ ಸೌದೆ ಇತ್ತು. ನಾನೇ ಇಲ್ಲ ಅಂದೆ. ನಮ್ಮತ್ತೇನೂ ನಂಗೆ ಅಂಗೇ ಅಂದಿದ್ಲು." ಮುದುಕಿಗೆ ಕೆಮ್ಮು ಬಂತು, ಬಹಳ ಹೊತ್ತು ಕೆಮ್ಮಿದಳು. "ಈಗ ಬುಡು ನೀರ. ಮೈಯೆಲ್ಲ ಬೆವರು ನಾರ್ತದೆ. ಒಂದು ಚೊಂಬು ಬಿಸ್ನೀರು ಉಯ್ಕೊಂಡು ಮಲಗ್ತೀನಿ."

ಇದೇ ಮಾತಿಗೆ ನಲವತ್ತು ವರ್ಷ ಕಾದಿದ್ದಳು. ಬಂತು. ಬಂದ ಮೇಲೆ ಅದನ್ನು ಏನು ಮಾಡಬೇಕೆಂದು ಅಶ್ವತ್ಥಮ್ಮನಿಗೆ ತೋಚಲಿಲ್ಲ. ಅಳು ಬರುತ್ತದೆ ಎಂದುಕೊಂಡಿದ್ದಳು, ಬರಲಿಲ್ಲ. ಒಂದು ಗಾಡಿ ಸೌದೆ ಎಂಬ ಮಾತೊಂದೇ ತಲೆಯಲ್ಲಿ ಸುತ್ತಿತು. ಮೂರು ಮಹಡಿ ಮೆಟ್ಟಿಲು ನೆನಪಾಯಿತು, ಮಂಡಿ ನೆನಪಾಯಿತು. ನಡುಮನೆಯಲ್ಲಿ ಸೀರಿಯಲ್ಲಿನ ಹಾಡು ಶುರುವಾಗಿತ್ತು.

"ನಾಳೆ ಬೆಳಿಗ್ಗೆ ನೋಡೋಣ" ಎಂದು ಲೋಟ ಎತ್ತಿಕೊಂಡು ಎದ್ದಳು.

ಬೆಳಿಗ್ಗೆ ಕಾಫಿ ತಂದಾಗ ಪಿಳ್ಳಮ್ಮ ತಣ್ಣಗಾಗಿದ್ದಳು.

ಒಂಬತ್ತಕ್ಕೆಲ್ಲ ನೆಂಟರು ತುಂಬಿದರು. ಆನೇಕಲ್‌ನಿಂದ ದಿವ್ಯಾ ಬಂದು ಅಜ್ಜಿಯ ಎದೆಯ ಮೇಲೆ ಬಿದ್ದು ಗೋಳಾಡಿದಳು. ಆರನೆಯ ದಿನದಿಂದ ತಣ್ಣೀರು ಕಂಡ ಕೂಸು ದೊಡ್ಡದಾದ ಮೇಲೆ ಅಜ್ಜಿಗೆ ಅದೇ ಮುದ್ದು, ಲೋಕವೇ ಹಾಗೆ. ಬಸುರಿ ಹೆಣ ನೋಡಬಾರದೆಂದು ಹಿರಿಯ ಹೆಂಗಸರು ಕೃಪಾಳನ್ನು ಮೇಲೆ ಸಿದ್ದಕ್ಕನ ಕೋಣೆಗೆ ಕಳಿಸಿದರು. ಗಂಡಸರು ಹಿತ್ತಿಲಲ್ಲಿ ಬೆಂಚು ಹಾಕಿ ಹೆಣವನ್ನು ಕೂರಿಸಿದರು.

"ಮಲಗ್ಸೋ ಮುಂಚೆ ಬಿಸಿನೀರು ಎರೀಬೇಕು. ಎಲ್ಲೈತೆ ನೀರು?" ಅಶ್ವತ್ಥಮ್ಮನ ದೊಡ್ಡ ನಾದಿನಿ ಕೇಳಿದಳು. "ಪಕ್ಕದಲ್ಲೇ ಅಮ್ಮನ ಬಚ್ಚಲಿದೆಯಲ್ಲ, ಅಲ್ಲೇ ಹಿಡೀರಿ."

"ಅಲ್ಲಿ ಬರಲ್ಲ ಅತ್ತೆ" ಅಂದ ದೀಪು, ಮುಖ ಒರೆಸಿಕೊಳ್ಳುತ್ತ.

"ನಾನು ನೋಡ್ತೀನಿ" ಎಂದು ಅಶ್ವತ್ಥಮ್ಮ ಎದ್ದಳು.

ಅಡುಗೆಮನೆಯ ಚಾಕು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದಳು. ಮಂಡಿ ಒಂದು ಸಲವೂ ನೋಯಲಿಲ್ಲ. ತಾರಸಿಯಲ್ಲಿ ತಂತಿ ತಿರುಚಿ, ಕಂಬಳಿಯನ್ನು ಪರಪರನೆ ಕೊಯ್ದು, ವಾಲ್ವನ್ನು ಪೂರ್ತಿ ಬಿಟ್ಟಳು. ಪೈಪಿನೊಳಗೆ ಗೊರ್ರೆಂದು ಸದ್ದಾಯಿತು. ಕಂಬಳಿಯ ಚೂರುಗಳನ್ನು ತೊಟ್ಟಿಯ ಹಿಂದಕ್ಕೆ ಒದ್ದು ತಿರುಗಿದರೆ, ಮೆಟ್ಟಿಲ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೃಪಾ ನಿಂತಿದ್ದಳು. ಅವಳು ಚಾಕು ನೋಡಿದಳು, ವಾಲ್ವು ನೋಡಿದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಕೆಳಗೆ ಹಿಂದಿನ ಕೋಣೆಯ ನಲ್ಲಿ ಬುಸುಗುಡುತ್ತ ಸುರಿಯುತ್ತಿತ್ತು. ಬಚ್ಚಲ ತುಂಬ ಹಬೆ.

"ಅಮ್ಮ, ನೋಡಮ್ಮ!" ದೀಪು ಬಕೆಟ್ ಹಿಡಿದು ಅಳುತ್ತಿದ್ದ. "ಎಷ್ಟು ಬಿಸಿ ಬರ್ತಿದೆ ನೋಡು. ಫೋಮ್ ಹಾಕಿದ್ದು ಸರಿಯಾಗೇ ಇತ್ತು. ಇವತ್ತು ಬಂತಲ್ಲಮ್ಮ, ಇವತ್ತು!"

ದಿವ್ಯಾ ಮೊದಲ ಚೊಂಬು ಎತ್ತಿ, ಕೈ ಸುಟ್ಟು ಕೆಳಗಿಟ್ಟಳು. "ಅಯ್ಯೋ, ಸುಡ್ತದೆ. ಅಜ್ಜಿಗೆ ಇಷ್ಟು ಬಿಸಿ ಹಾಕೋದಾ? ಅಮ್ಮ, ಸ್ವಲ್ಪ ತಣ್ಣೀರು ಬೆರೆಸು."

ಅಶ್ವತ್ಥಮ್ಮ ತಣ್ಣೀರು ಬೆರೆಸಿದಳು. ಬೆರಳಿಟ್ಟು ಹದ ನೋಡಿದಳು. ಎಲ್ಲರೂ ಒಂದೊಂದು ಚೊಂಬು ಎರೆದರು, ಅವಳೂ ಎರೆದಳು. ಆಮೇಲೆ ಹಾಸುವುದಕ್ಕೆ ಕಂಬಳಿ ಎಲ್ಲಿ ಎಂದು ಯಾರೋ ಕೇಳಿದರು. ಕೊನೆಗೆ ಜಮಖಾನ ಹಾಸಿದರು.

ತಿಥಿ ಕಳೆಯಿತು. ನೆಂಟರು ಹೋದರು. ಹೆರಿಗೆಗೆಂದು ಕೃಪಾ ತವರಿಗೆ ಹೊರಡುವ ಹಿಂದಿನ ದಿನ ಅತ್ತೆ ಸೊಸೆ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದರು. ಸಂಕ್ರಾಂತಿ ಮುಗಿದಿದ್ದರೂ ಗಾಳಿಯಲ್ಲಿ ಇನ್ನೂ ಚಳಿಯಿತ್ತು. ಅಶ್ವತ್ಥಮ್ಮ ಹನ್ನೆರಡು ದಿನದಿಂದ ಸೊಸೆಯ ಬಾಯಿಂದ ಒಂದು ಮಾತು ಬರುತ್ತದೆಂದು ಕಾಯುತ್ತಿದ್ದಳು. ಬೈದರೆ ಬೈಸಿಕೊಳ್ಳಲು ತಯಾರಿದ್ದಳು, ದೀಪುವಿಗೆ ಹೇಳಿಬಿಟ್ಟರೆ ತಾನು ಏನು ಹೇಳಬೇಕೆಂದೂ ಯೋಚಿಸಿ ಇಟ್ಟುಕೊಂಡಿದ್ದಳು. ಕೃಪಾ ಸೀರೆಯೊಂದನ್ನು ಮಡಚಿ ಬುಟ್ಟಿಗೆ ಹಾಕಿ, ಸೋಲಾರ್ ತೊಟ್ಟಿಯ ಹತ್ತಿರ ಹೋಗಿ ನಿಂತು, ಮೂರು ಪೈಪುಗಳನ್ನೂ ನಿಧಾನವಾಗಿ ನೋಡಿದಳು.

"ಅತ್ತೆ," ಅಂದಳು, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುವ ದನಿಯಲ್ಲಿ. "ನಿಮ್ಮ ಬಚ್ಚಲಿಗೆ ಹೋಗೋ ವಾಲ್ವ್ ಯಾವುದು?"

ಅಶ್ವತ್ಥಮ್ಮ ಕೈಯಲ್ಲಿದ್ದ ಟವೆಲ್ಲನ್ನು ಮಡಚಿ ಬುಟ್ಟಿಗೆ ಹಾಕಿದಳು. ಕೇಳಿದವಳು ಉತ್ತರ ಬರುವವರೆಗೂ ಅಲ್ಲಿಂದ ಕದಲುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

"ಎಡಗಡೆಯದು" ಅಂದಳು.